ಸಾಸಿವೆಯಷ್ಟು ದ್ವೀಪ

ಅದು ನಾನು ದುಬೈಗೆ ಬಂದ ಹನ್ನೊಂದನೆಯ ವರ್ಷ. ನೈಫ್ ಬಡಾವಣೆಯ ಒಂದು ಸರ್ವೇ ಕಚೇರಿಯಲ್ಲಿ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಶುಚಿಗೊಳಿಸುವುದು ನನ್ನ ಕೆಲಸ. ಆ ಸಲ ಬಂದದ್ದು ಉತ್ತರ ಕರಾವಳಿಯ ಹಾಳೆಗಳು. ಕಡಿದಾದ ಬೆಟ್ಟಗಳು ನೇರ ಕಡಲಿಗಿಳಿಯುವ, ಎದುರಿಗೆಲ್ಲ ದ್ವೀಪಗಳು ಚೆಲ್ಲಿಕೊಂಡ ತೀರ ಅದು. ಗಂಜಿ ಹಾಕಿ ನುಣುಪು ಮಾಡಿದ ತೆಳುಬಟ್ಟೆಯ ಮೇಲೆ ಯಾರೋ ಕೈಯಲ್ಲೇ ಬರೆದಿದ್ದರು. ಸ್ಕೇಲ್ 1:50,000, ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದಲ್ಲಿ ಐವತ್ತು ಮೀಟರ್. ನೋಡುತ್ತ ಕೂತರೆ ಏಸಿಯ ಸದ್ದೇ ಅಲೆಯ ಸದ್ದಾಗಿ, ಕುರ್ಚಿ ದೋಣಿಯ ಹಾಗೆ ಮೆಲ್ಲಗೆ ತೂಗುತ್ತಿತ್ತು.

ಸ್ಕ್ಯಾನಿನಲ್ಲಿ ಧೂಳೂ ಚುಕ್ಕೆಯಾಗಿ ಮೂಡುತ್ತದೆ. ಡಿಸ್ಪೆಕಲ್ ಎಂಬ ಟೂಲ್ ಸಣ್ಣ ಚುಕ್ಕೆಗಳನ್ನೆಲ್ಲ ಒಂದೇ ಏಟಿಗೆ ಅಳಿಸುತ್ತದೆ. ಒತ್ತಿದೆ. ಕಡಲು ಕನ್ನಡಿಯಾಯಿತು.

ಮುದ್ರಣಕ್ಕೆ ಎರಡು ದಿನವಿದೆ ಎನ್ನುವಾಗ, ಊರ ಹೆಸರುಗಳನ್ನು ತಿದ್ದಿಕೊಡಲು ಆ ತೀರದವರೇ ಆದ ಸಲೀಂ ಬಂದರು. ಪ್ರೂಫಿನ ಮೇಲೆ ಆಡುತ್ತಿದ್ದ ಬೆರಳು ಒಂದು ಕಡೆ ನಿಂತಿತು.

"ಸದೀಕ್, ಗೆಳೆಯಾ, ನಮ್ಮ ಅಮ್ಮ ಹುಟ್ಟಿದ ದ್ವೀಪ ಇಲ್ಲಿ ಮಾಫಿ, ಇಲ್ಲವೇ ಇಲ್ಲ."

ಅವರ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ನಕ್ಷೆಯಲ್ಲಿ ಒಮ್ಮೆ ಊರು ತೋರಿಸುತ್ತೇನೆಂದು ಮಗ ಮಾತು ಕೊಟ್ಟಿದ್ದರಂತೆ.

ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್, ಉಳ್ಳಾಲದ ಹಮೀದಾಕ, ನನ್ನನ್ನು ಒಮ್ಮೆ ನೋಡಿದರು. "ಎಂತ ಮಾರಾಯ, ಧೂಳು ಗುಡಿಸುವಾಗ ದ್ವೀಪವನ್ನೂ ಗುಡಿಸಿದ್ದಾ ನೀನು?"

ಮೂಲ ಬಟ್ಟೆಯನ್ನು ಕಿಟಕಿಗೆ ಒಯ್ದು ಓರೆಯಾಗಿ ಹಿಡಿದರು. "ಧೂಳಿಗೆ ಹೊಳಪಿಲ್ಲ, ಶಾಯಿ ಹೊಳೀತದೆ. ಉಗುರಿಗೂ ಸಿಗ್ತದೆ, ಮುಟ್ಟಿ ನೋಡು."

ಸಾಸಿವೆಯಷ್ಟು ಉಬ್ಬು ಉಗುರಿಗೆ ತಾಗಿತು.

ಎರಡು ದಿನ ಒಂದೊಂದೇ ಚುಕ್ಕೆಯನ್ನು ಬೆಳಕಿಗೆ ಹಿಡಿದೆವು. ಮೂರು ದ್ವೀಪಗಳು ಕಡಲಿಗೆ ಮರಳಿದವು.

ಮುದ್ರಣವಾದ ವಾರ ಸಲೀಂ ತಾಯಿಯನ್ನು ಕರೆತಂದರು. ಹೊಸ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರೂ ಆಕೆಗೆ ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ. ಸಲೀಂ ತಲೆ ತಗ್ಗಿಸಿದರು. ಹಮೀದಾಕ ಮೂಲ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, "ಉಮ್ಮಾ" ಎಂದು ಆಕೆಯ ಬೆರಳನ್ನು ತೀರದಿಂದ ಮೆಲ್ಲಗೆ ನೀರಿಗಿಳಿಸಿದರು. ಬೆರಳು ಹೋಗುತ್ತ ಹೋಗುತ್ತ ಒಂದೆಡೆ ತಡೆದು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಆಕೆ ಏನೋ ಅಂದರು. ಸಲೀಂ ನಕ್ಕು ಕಣ್ಣೊರೆಸಿಕೊಂಡರು.

"ಇಷ್ಟೇಯಾ? ಹಾಗಾದರೆ ನಮ್ಮ ಆಡುಗಳೆಲ್ಲ ಎಲ್ಲಿ ನಿಲ್ಲುತ್ತಿದ್ದವು ಅಂತ ಕೇಳ್ತಾರೆ."

ಈಗಲೂ ಅಳಿಸುವ ಮೊದಲು ಹಾಳೆಯನ್ನು ಕಿಟಕಿಗೆ ಒಯ್ಯುತ್ತೇನೆ. ಧೂಳೆಂದು ಖಾತ್ರಿಯಾಗುವವರೆಗೆ ಪ್ರತಿ ಚುಕ್ಕೆಯೂ ಯಾರದೋ ಊರು.