ಮಂಜಿನಲ್ಲಿ ಆರಿಸಿದ ಕೆಂಪು ದೀಪ

ನೆಲ್ಯಹುದಿಕೇರಿಯಿಂದ ಸುತ್ತಲಿನ ತೋಟಗಳಿಗೆ ಕೆಲಸದವರನ್ನು ಕರೆದೊಯ್ಯುವ ಜೀಪನ್ನು ನಾನು ಇಪ್ಪತ್ತೆರಡು ವರ್ಷ ಓಡಿಸಿದ್ದೇನೆ. ಅಷ್ಟು ವರ್ಷಗಳಲ್ಲಿ ಆದದ್ದು ಒಂದೇ ಅಪಘಾತ. ನನ್ನ ಹಿಂದೆ ಬರುತ್ತಿದ್ದ ಜೀಪಿನ ಡ್ರೈವರನೇ ಅದಕ್ಕೆ ಕಾರಣ ಎಂದು ಎಲ್ಲರೂ ನಂಬಿದರು. ಹಾಗೆ ನಂಬಿಸಿದವನು ನಾನು.

ಅವನಿಗೆ ಡ್ರೈವಿಂಗ್ ಕಲಿಸಿದವನೂ ನಾನೇ. ಇಬ್ಬರು ಮಕ್ಕಳ ತಂದೆಯಾದ ಮೇಲೆ ಸ್ಟೇರಿಂಗ್ ಹಿಡಿದವನು ಅವನು. ನಾನು ಹೇಳಿದ್ದನ್ನು ತಪ್ಪದೆ ಪಾಲಿಸುತ್ತಿದ್ದ. ಕಾಫಿ ಕುಯ್ಲಿನ ಕಾಲದಲ್ಲಿ ಹೊಳೆಯ ಕಡೆಯಿಂದ ಏಳುವ ಮಂಜು ಬೆಳಿಗ್ಗೆ ಎಂಟಾದರೂ ರಸ್ತೆ ಬಿಡುವುದಿಲ್ಲ. ಕೆಲಸದವರು ಅದಕ್ಕೂ ಮೊದಲೇ ತೋಟದಲ್ಲಿರಬೇಕು. ಅಂಥ ಮಂಜಿಗೆ ನಾನು ಕಲಿಸಿದ ಪಾಠ ಇಷ್ಟು: ಫಾಗ್ ಲೈಟನ್ನು ಮೇಲೆ ಕ್ಯಾರಿಯರಿಗೆ ಕಟ್ಟಿಸು, ಹೆಡ್‌ಲೈಟ್ ಬ್ರೈಟಿನಲ್ಲೇ ಇಡು, ಏನೂ ಕಾಣದಿದ್ದರೆ ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ಬಾ.

ಮೂರೂ ತಪ್ಪು. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ನಿಂತಂತೆ. ಹೆಡ್‌ಲೈಟ್ ಡಿಮ್ಮಿನಲ್ಲಿರಬೇಕು. ಫಾಗ್ ಲೈಟ್ ಬಂಪರಿನ ಹತ್ತಿರ, ರಸ್ತೆಯನ್ನು ಸವರುವಂತೆ ಇರಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಮೇಲೆ ಎರಡು ಹಳದಿ ದೀಪ ಇದ್ದರೆ ಜೀಪಿಗೊಂದು ಗತ್ತು.

"ಅಣ್ಣ, ಬ್ರೈಟ್ ಹಾಕಿದ್ರೆ ನಂಗೆ ಇದ್ದದ್ದೂ ಕಾಣಲ್ವಲ್ಲ" ಎಂದು ಅವನು ಒಮ್ಮೆ ಕೇಳಿದ್ದ.

"ನಿಂಗೆ ಯಾಕೋ ಕಾಣ್ಬೇಕು? ನನ್ನ ಕೆಂಪು ಲೈಟ್ ಕಂಡ್ರೆ ಸಾಕು."

"ನೀವು ಹೊಳೆಗೆ ಬಿದ್ರೆ?"

"ಹಿಂದೇನೇ ಬಾ. ಒಬ್ನೇ ಈಜಕ್ಕೆ ಬೇಜಾರು."

ಜೀಪಿನಲ್ಲಿದ್ದ ಹೆಂಗಸರೆಲ್ಲ ನಕ್ಕಿದ್ದರು.

ನಮ್ಮ ಕಡೆಯ ಡ್ರೈವರುಗಳಿಗೆ ಇನ್ನೊಂದು ರೂಢಿಯಿದೆ. ಆನೆ ಎದುರಾದರೆ ಹಾರ್ನ್ ಹೊಡೆಯುವುದಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ದೀಪಗಳನ್ನೆಲ್ಲ ಆರಿಸಿ, ಅದು ದಾಟುವ ತನಕ ಉಸಿರು ಬಿಗಿಹಿಡಿದು ಕೂರುತ್ತೇವೆ. ಬೆಳಕು ಕಣ್ಣಿಗೆ ಬಿದ್ದರೆ ಮೈಮೇಲೆ ಬರುತ್ತದೆ ಎಂಬ ಭಯ.

ಅದು ಜನವರಿ ತಿಂಗಳ ಒಂದು ಬೆಳಿಗ್ಗೆ. ಆ ದಿನ ಮೆಣಸು ಕುಯ್ಯುವ ಕೆಲಸವೂ ಇದ್ದುದರಿಂದ ನನ್ನ ಜೀಪಿನ ಮೇಲೆ ಎರಡು ಬಿದಿರಿನ ಏಣಿ ಕಟ್ಟಿದ್ದೆವು. ಅವುಗಳ ತುದಿ ಬಾನೆಟ್ಟಿಗಿಂತ ಮುಂದಕ್ಕೆ ಚಾಚಿತ್ತು. ಹಿಂದೆ ಒಂಬತ್ತು ಹೆಂಗಸರು. ಚಳಿಗೆಂದು ಟಾರ್ಪಾಲು ಇಳಿಬಿಟ್ಟಿದ್ದರು. ಅವರಲ್ಲಿ ಒಬ್ಬಳಿಗೆ ಒಳಗೆ ಕೂತರೆ ವಾಂತಿ ಬರುತ್ತಿತ್ತು. ಹಿಂದಿನ ಅಂಚಿನಲ್ಲಿ ಕೂತು ಟಾರ್ಪಾಲಿನ ಕೆಳಗಿನಿಂದ ಕಾಲು ಹೊರಗೆ ಬಿಡುತ್ತಿದ್ದಳು. ನನ್ನ ಪಕ್ಕದ ಸೀಟಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಕೂತಿದ್ದಳು. ಅವನ ಜೀಪು ಖಾಲಿ. ಇನ್ನೊಂದು ತೋಟದ ಕೂಲಿಯವರ ಲೈನ್ ಮನೆಗಳಿಂದ ಜನರನ್ನು ಹತ್ತಿಸಿಕೊಳ್ಳಬೇಕಿತ್ತು.

ಮಂಜು ಕವಿದಾಗ ನಮ್ಮದೇ ಎಂಜಿನ್ನಿನ ಸದ್ದು ಎಲ್ಲೋ ದೂರದಲ್ಲಿ ಬೇರೆ ಯಾರದೋ ಗಾಡಿಯ ಸದ್ದಿನಂತೆ ಕೇಳುತ್ತದೆ. ಸಿಲ್ವರ್ ಮರಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ತಿರುವಿನ ಹತ್ತಿರ ಬಂದಾಗ ಪಕ್ಕದ ಮುದುಕಿ ನನ್ನ ತೋಳು ಹಿಡಿದಳು.

"ಡ್ರೈವರಣ್ಣ, ಆನೆ."

ಮಂಜಿನೊಳಗೆ ರಸ್ತೆಯಗಲಕ್ಕೂ ಕಪ್ಪಗೆ ನಿಂತಿತ್ತು. ಬೆನ್ನು ಮರದಷ್ಟು ಎತ್ತರ. ಎರಡು ಉದ್ದ ದಂತ. ತಲೆ ಮೆಲ್ಲಗೆ ಆಚೀಚೆ ತೂಗುತ್ತಿತ್ತು. ಮುದುಕಿ ಶಾಲಿನಿಂದ ಮುಖ ಮುಚ್ಚಿಕೊಂಡು ದೇವರನ್ನು ಕರೆಯತೊಡಗಿದಳು. ನಾನು ಜೀಪು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ, ಎಂಜಿನ್ ಆಫ್ ಮಾಡಿದೆ, ದೀಪ ಆರಿಸಿದೆ. ಮುಂದಿನದರ ಜೊತೆ ಹಿಂದಿನ ಕೆಂಪು ದೀಪವೂ ಆರಿತು. ಅದನ್ನೇ ನಂಬಿ ಒಬ್ಬ ಹಿಂದೆ ಬರುತ್ತಿದ್ದಾನೆ ಎಂಬುದು ಆಗ ನನ್ನ ತಲೆಯಲ್ಲೇ ಇರಲಿಲ್ಲ.

ದೀಪ ಆರಿದ ಮೇಲೆ ಆನೆ ಕಾಣದಂತಾಗಬೇಕಿತ್ತು. ಅದು ಇನ್ನೂ ಸ್ಪಷ್ಟವಾಯಿತು. ಆಮೇಲೆ ಬೆಳೆಯತೊಡಗಿತು. ಹೆಜ್ಜೆಯ ಸದ್ದಿಲ್ಲ, ಕೊಂಬೆ ಮುರಿಯುವ ಸದ್ದಿಲ್ಲ. ಸುಮ್ಮನೆ ದೊಡ್ಡದಾಗುತ್ತ, ಮೇಲಕ್ಕೇಳುತ್ತ, ಇಡೀ ರಸ್ತೆಯನ್ನು ತುಂಬಿಕೊಂಡು ಬಂತು. ನಾನು ಕಣ್ಣು ಮುಚ್ಚಿದೆ. ಏಟು ಬಿದ್ದದ್ದು ಹಿಂದಿನಿಂದ.

ಕೆಳಗಿಳಿದಾಗ ಹೆಂಗಸರು ಕಿರುಚುತ್ತಿದ್ದರು. ಹಿಂದಿನ ಜೀಪಿನ ಮೂತಿ ನಜ್ಜುಗುಜ್ಜಾಗಿತ್ತು, ಆದರೆ ಮೇಲೆ ಕಟ್ಟಿದ್ದ ಹಳದಿ ದೀಪಗಳಲ್ಲಿ ಒಂದು ಇನ್ನೂ ಉರಿಯುತ್ತಿತ್ತು. ನಾನು ಮುಂದೆ ತಿರುಗಿ ನೋಡಿದೆ. ಆನೆ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಅಷ್ಟೇ ಎತ್ತರದ ಒಬ್ಬ ಮನುಷ್ಯ ನಿಂತಿದ್ದ. ಬೆವರು ಒರೆಸಲು ನಾನು ಕೈ ಎತ್ತಿದೆ. ಅವನೂ ಎತ್ತಿದ.

ಹಿಂದಿನ ಬೆಳಕು ನನ್ನ ಜೀಪಿನ ನೆರಳನ್ನೂ ಏಣಿಗಳ ನೆರಳನ್ನೂ ಮಂಜಿನ ಮೇಲೆ ಚೆಲ್ಲಿತ್ತು. ಅಲ್ಲಿ ಯಾವ ಆನೆಯೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ತಪ್ಪು ಎನಿಸಿಕೊಳ್ಳುತ್ತಿತ್ತು. ಹಿಂದಿನ ಅಂಚಿನಲ್ಲಿ ಕೂತಿದ್ದ ಹೆಂಗಸಿನ ನರಳಾಟ ಕೇಳುತ್ತಿರುವಾಗಲೇ ನಾನು ಜೀಪಿನೊಳಗೆ ಕೈ ಹಾಕಿ ದೀಪದ ಸ್ವಿಚ್ಚನ್ನು ಮತ್ತೆ ಆನ್ ಮಾಡಿದೆ. ಆಮೇಲೆ ಹಿಂದಕ್ಕೆ ಓಡಿದೆ.

ಹಿಂದಿನ ಜೀಪಿನಿಂದ ಅವನು ಇಳಿದು ಬಂದ. "ಅಣ್ಣ, ನಿಮ್ಮ ಲೈಟ್ ಹೋಗ್ಬಿಡ್ತಲ್ಲ. ತಿರುವು ದಾಟಿದ್ರೇನೋ ಅಂತ ಹಿಡಿಯಕ್ಕೆ ಜೋರಾಗಿ ಬಂದೆ."

"ಲೈಟ್ ಹಾಕೇ ಇತ್ತು. ಮುಂದೆ ನೋಡು, ಈಗ್ಲೂ ಉರೀತಿದೆ. ಆನೆ ಅಡ್ಡ ಬಂತು, ನಿಲ್ಲಿಸ್ದೆ. ನಿಂಗೆ ನಿದ್ದೆ ಹತ್ತಿತ್ತೇನೋ?"

ಹಿಂದಿನ ಕೆಂಪು ದೀಪ ಪುಡಿಯಾಗಿತ್ತು. ಪೊಲೀಸರಿಗೂ ಇದನ್ನೇ ಹೇಳಿದೆ. ಆನೆಯನ್ನು ನೋಡಿದ್ದಾಗಿ ಮುದುಕಿ ಪ್ರಮಾಣ ಮಾಡಿದಳು. ಅಂಚಿನಲ್ಲಿ ಕೂತಿದ್ದವಳ ಎಡಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಅರಣ್ಯ ಇಲಾಖೆಯವರು ಬಂದು ಹುಡುಕಿದರೂ ಲದ್ದಿಯಾಗಲಿ ಹೆಜ್ಜೆಯಾಗಲಿ ಸಿಗಲಿಲ್ಲ. ಅದರಿಂದ ನನ್ನ ಸುಳ್ಳು ಬಯಲಾಗುವ ಬದಲು ಹೆಜ್ಜೆ ಮೂಡದ ಆನೆಯ ಕಥೆ ಹುಟ್ಟಿತು. ಆ ತಿರುವಿನಲ್ಲಿ ಆಮೇಲೆ ಬೇರೆಯವರೂ ಅದನ್ನು ಕಂಡರಂತೆ. ಸಿದ್ದಾಪುರದ ಬಸ್ಸಿನಲ್ಲಿ ಒಬ್ಬರು ನನಗೇ ಆ ಕಥೆ ಹೇಳಿ, "ನೋಡಿ, ಕೈ ಮೇಲೆ ಕೂದಲು ನಿಂತಿದೆ" ಎಂದು ತೋರಿಸಿದರು. ನಾನು ನೋಡಿ ಹೌದೆಂದೆ.

ಅವನಿಗೆ ಯಾರೂ ಜೀಪು ಕೊಡಲಿಲ್ಲ. ನಿದ್ದೆ ಡ್ರೈವರ್ ಎಂದು ಹೆಸರು ಬಿತ್ತು. ಕಣದಲ್ಲಿ ಕಾಫಿ ಹರಡಿ ಒಣಗಿಸುವ ಕೆಲಸಕ್ಕೆ ಸೇರಿದ. ನಾನು ಇನ್ನೂ ಆರು ವರ್ಷ ಗಾಡಿ ಓಡಿಸಿದೆ.

ಕಳೆದ ಮಳೆಗಾಲದಲ್ಲಿ ಗಾಳಿಬೀಡಿನ ನೆಂಟರ ಮನೆಗೆ ಹೋಗಿದ್ದೆ. ಸಂಜೆ ಮಂಜಿನಲ್ಲಿ ರಸ್ತೆ ಬದಿ ನಿಂತಿದ್ದಾಗ ಹಿಂದಿನಿಂದ ಒಂದು ಕಾರು ಬ್ರೈಟ್ ಹಾಕಿಕೊಂಡು ಬಂತು. ಎದುರಿಗೆ ಆ ಎತ್ತರದ ಮನುಷ್ಯ ಎದ್ದು ನಿಂತ. ನನ್ನ ಎರಡೂ ಕೈ ಜೇಬಿನಲ್ಲಿದ್ದವು. ಅವನು ಕೈ ಎತ್ತಿದ. ಕಣ್ಣಿನ ಪೊರೆಯಿಂದ ಹಾಗೆ ಕಂಡಿತು ಎಂದು ಮಗಳು ಹೇಳುತ್ತಾಳೆ. ಇರಬಹುದು. ಆ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಸಲ ಕುಯ್ಲು ಶುರುವಾದಾಗ ಅವನು ಕೆಲಸ ಮಾಡುವ ಕಣಕ್ಕೆ ಹೋದೆ. ನಿಂತಲ್ಲೇ ಎಲ್ಲ ಹೇಳಿದೆ. ಅವನು ಹಲಗೆಯಿಂದ ಕಾಫಿ ಎಳೆಯುವುದನ್ನು ನಿಲ್ಲಿಸಲಿಲ್ಲ. ಕಣದ ಕೊನೆಗೆ ಹೋಗಿ ವಾಪಸ್ ಬಂದ ಮೇಲೆ ಕೇಳಿದ:

"ಹಂಗಾದ್ರೆ ನಾನು ನಿದ್ದೆ ಹೋಗಿರ್ಲಿಲ್ಲ?"

"ಇಲ್ಲ."

"ಹೋಗಿದ್ದೆ ಅಂತ ನಾನೇ ನಂಬ್ಬಿಟ್ಟಿದ್ದೆ. ಹೆಂಡ್ತಿಗೂ ಹಂಗೇ ಹೇಳಿದ್ದೆ." ಹಲಗೆಯನ್ನು ಕೆಳಗಿಟ್ಟ. "ಇದನ್ನ ನಂಗೆ ಹೇಳಿ ಏನ್ ಮಾಡ್ತೀರಿ? ಕಾಲು ಕಳ್ಕಂಡ ಆಯಮ್ಮನಿಗೆ ಹೇಳಿ. ದಾರೀಲಿ ನನ್ನ ಕಂಡ್ರೆ ಮುಖ ತಿರುಗಿಸ್ಕಂಡು ಉಗೀತಾಳೆ. ನಡೀರಿ, ಈಗ್ಲೇ."

ಅವನು ಮುಂದೆ, ನಾನು ಹಿಂದೆ. ದಾರಿಯಲ್ಲಿ ಒಮ್ಮೆಯೂ ಅವನು ತಿರುಗಿ ನೋಡಲಿಲ್ಲ.

ಅವಳು ಲೈನ್ ಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಮುಖ ಗಂಟಿಕ್ಕಿದಳು. ನಾನು ಅಂಗಳದಲ್ಲೇ ನಿಂತು ಹೇಳಿ ಮುಗಿಸಿದೆ. ಸ್ವಿಚ್ಚಿನ ವಿಷಯವನ್ನೂ ಬಿಡಲಿಲ್ಲ.

"ಆನೆ ಇರ್ಲೇ ಇಲ್ವಾ?" ಎಂದಳು.

"ಇರ್ಲಿಲ್ಲ."

"ಆನೆ ದೇವ್ರು ನನ್ನ ಒಂದು ಕಾಲು ತಗಂಡು ಉಳಿದೋರನ್ನ ಬಿಟ್ಟು ಹೋಯ್ತು ಅಂತ ವರ್ಷಾ ವರ್ಷಾ ಕಾಯಿ ಒಡೆಸ್ತಿದ್ದೆನಲ್ಲ ನಾನು."

ಅವಳು ಮೊರವನ್ನು ಪಕ್ಕಕ್ಕಿಟ್ಟು, ಊರುಗೋಲು ಹಿಡಿದು ಎದ್ದು, ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

"ಒಳಗೆ ಬಾ ತಮ್ಮ. ಕೂತ್ಕ" ಎಂದಳು ಅವನಿಗೆ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಒಳಗಿನಿಂದ ಲೋಟದ ಸದ್ದು ಕೇಳಿಸಿತು, ಆಮೇಲೆ ಅವಳು ಅಳುವುದು ಕೇಳಿಸಿತು. ನನ್ನನ್ನು ಅವಳು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಅಂಗಳದಲ್ಲೇ ನಿಂತಿದ್ದೆ.