ಗೌರಿಯ ಒದೆ, ನನ್ನ ಚಮಚ

ಮೊನ್ನೆ ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಐದು ವರ್ಷದ ಮಗಳು ನನ್ನ ಕೈಗೆ ಒದ್ದಳು. ಎಂಥ ಒದೆ ಅಂತೀರಿ! ನಾನು ಅಲ್ಲೇ ಕುಣಿದುಬಿಟ್ಟೆ. (ನರ್ಸಮ್ಮ ಗದರಿದರು.) ಒದೆ ತಿಂದು ಕುಣಿದ ಅಪ್ಪನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಗಳು ಗೌರಿಗೆ ಅಪೆಂಡಿಕ್ಸ್ ಆಪರೇಷನ್. ಕೊಡ್ಲಿಪೇಟೆಯಿಂದ ಮೊದಲ ಬಸ್ಸಿಗೇ ಹೊರಟಿದ್ದೆವು. ನನ್ನ ಕೋಟಿನ ಜೇಬಿನಲ್ಲಿ ಬ್ರಾಂದಿಯ ಪುಟ್ಟ ಸೀಸೆ, ಒಂದು ಚಮಚ. ನಗಬೇಡಿ, ನಿಮ್ಮ ಮನೆಯಲ್ಲೂ ಇದೆ! ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದ ನಾನು ಚಳಿ ಹಿಡಿದವರನ್ನು, ಕಾಫಿ ಹಣ್ಣಿನ ಪಿಕಿಂಗ್ ವೇಳೆ ತಲೆ ಸುತ್ತಿ ಬಿದ್ದವರನ್ನು ಇದೇ ಚಮಚದಿಂದ ಎಬ್ಬಿಸಿದವನು. ಜಂಬವಿತ್ತು.

ಆಪರೇಷನ್ ಮುಗಿಯಿತು. ಗೌರಿಯನ್ನು ವಾರ್ಡಿಗೆ ತಂದು ಮಲಗಿಸಿದರು. ಕಣ್ಣು ಅರೆ ತೆರೆದಿದೆ, ಕೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತದೆ. ಹೆಂಡತಿ ಮೂಗಿನ ಬಳಿ ಬೆರಳಿಟ್ಟು ಚೀರಿದಳು.

"ರೀ, ಉಸ್ರು ಬರ್ತಾ ಬರ್ತಾ ಸಣ್ಣಗಾಗ್ತೈತೆ! ಡಾಕ್ಟ್ರನ್ನ ಕರೀರಿ!"

ಕರೆದೆನೇ? ಇಲ್ಲ. ಸೀಸೆ ತೆಗೆದೆ! ಚಮಚ ಇನ್ನೇನು ತುಟಿಗೆ ತಾಗಬೇಕು, ಯಾರೋ ನನ್ನ ಮಣಿಕಟ್ಟು ಹಿಡಿದರು. ಚೀರಾಟ ಕೇಳಿ ಓಡಿಬಂದಿದ್ದ ಅರಿವಳಿಕೆಯ ಲೇಡಿ ಡಾಕ್ಟರ್. ಮದರಾಸಿನಲ್ಲಿ ಕಲಿತು ಬಂದವರು, ನನ್ನ ತಂಗಿಯ ವಯಸ್ಸು.

"ಏನ್ರೀ ಮಾಡ್ತಿದ್ದೀರಿ? ಮಗೂಗೆ ಈಗ ನುಂಗೋಕೇ ಆಗಲ್ಲ. ಅದು ನೆಟ್ಟಗೆ ಶ್ವಾಸಕೋಶಕ್ಕೆ ಹೋಗುತ್ತೆ!"

ಮುಖಕ್ಕೆ ಮಾಸ್ಕ್ ಇಟ್ಟು, ರಬ್ಬರ್ ಚೀಲ ಒತ್ತಿ ಅವರೇ ಗೌರಿಗೆ ಉಸಿರು ಕೊಡತೊಡಗಿದರು. ಕೊಯ್ಯುವಾಗ ಹೊಟ್ಟೆ ಬಿಗಿಯಾಗದಿರಲೆಂದು ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರಂತೆ. ಅದರ ಜೋರು ಪೂರ್ತಿ ಇಳಿದಿರಲಿಲ್ಲ. ಅದನ್ನು ಇಳಿಸುವುದಕ್ಕೂ ಇಂಜೆಕ್ಷನ್ ಇದೆಯಂತೆ! ಜೊತೆಗೆ ಎದೆಬಡಿತ ನಿಧಾನವಾಗದಂತೆ ಕಾಯಲು ಇನ್ನೊಂದು. ಎರಡನ್ನೂ ಚುಚ್ಚಿದರು.

"ಇಳೀತು ಅಂತ ಹೆಂಗೆ ಗೊತ್ತಾಗೋದು ಮೇಡಂ?" ಸೀಸೆಯನ್ನು ಜೇಬಿಗೆ ತುರುಕುತ್ತ ಕೇಳಿದೆ.

"ದೊಡ್ಡವರಿಗಾದ್ರೆ ತಲೆ ಎತ್ತಿ, ಐದು ಎಣಿಸೋವರೆಗೂ ಹಂಗೇ ಇರಿ ಅಂತೀವಿ. ಮಕ್ಕಳು ನಮ್ಮ ಮಾತು ಎಲ್ಲಿ ಕೇಳ್ತಾವೆ? ಉಸಿರು ತುಂಬಿ ಬರಬೇಕು, ಗಟ್ಟಿಯಾಗಿ ಅಳಬೇಕು, ಕಾಲು ಎತ್ತಬೇಕು. ಕಾಲ ಹತ್ರ ಕೈ ಇಟ್ಕೊಂಡಿರಿ."

ಇಟ್ಟೆ. ಒಂದು ನಿಮಿಷ. ಎರಡು. ನನ್ನ ಜೀವವೇ ಆ ಪುಟ್ಟ ಪಾದದಲ್ಲಿತ್ತು. ಮೊದಲು ಹೆಬ್ಬೆರಳು ಅಲುಗಿತು. ಆಮೇಲೆ ಮೊಣಕಾಲು ಮಡಚಿತು. ಆಮೇಲೆ ಧಡ್ ಎಂದು ಒದೆ, ಜೊತೆಗೆ ವಾರ್ಡೇ ಹಾರಿಹೋಗುವಂಥ ಅಳು!

ಆಹಾ! ಮೈಸೂರಿಗೆ ಸೇರದೆ ಬೇರೆಯೇ ಇರುವ ನಮ್ಮ ಪುಟ್ಟ ಕೊಡಗು ರಾಜ್ಯಕ್ಕೂ ಇಂಥ ಔಷಧ ಬಂದಿದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರುತ್ತಿದ್ದೇನೆ. ಬಸ್ ಕಂಡಕ್ಟರನನ್ನೂ ಬಿಡಲಿಲ್ಲ. ಆದರೆ ಹೆಂಡತಿ ಮಾತ್ರ ನನ್ನ ಕೋಟು ಕಂಡಾಗಲೆಲ್ಲ ಜೇಬು ತಡಕುತ್ತಾಳೆ.

ನನ್ನ ಕೈಯನ್ನಂತೂ ಡಾಕ್ಟರ್ ಹಿಡಿದರು, ನಿಮ್ಮ ಮನೆಯ ಚಮಚವನ್ನು ಯಾರು ಹಿಡಿಯುತ್ತಾರೆ?