ನಾಲ್ಕೂರ ಬಟ್ಟಲಿನ ರಸ

ನಮ್ಮ ಲುಥೆರನ್ ಸಭೆ ದೊಡ್ಡದೇನಲ್ಲ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಈ ನಾಲ್ಕೂ ಊರಿನ ಮಂದಿಯನ್ನು ಒಂದೇ ಕಡೆ ಕೂಡಿಸಿದರೂ ಮದುವೆ ಊಟದ ಒಂದು ಪಂಕ್ತಿ ತುಂಬುವುದು ಕಷ್ಟ. ನಾಲ್ಕಕ್ಕೂ ಸೇರಿ ಒಬ್ಬರೇ ಸಭಾಪಾಲಕರು. ನಾವು ಅವರನ್ನು ಅಯ್ಯನವರು ಎನ್ನುತ್ತೇವೆ. ನಾಲ್ಕೂ ಊರಿನ ವೇದಿಯ ಮೇಲಿನ ಬಟ್ಟಲಿಗೆ ದ್ರಾಕ್ಷಾರಸ ಹೋಗುತ್ತಿದ್ದದ್ದು ಮಾತ್ರ ನಮ್ಮ ಮನೆಯಿಂದ. ಅದನ್ನು ಮಾಡುತ್ತಿದ್ದವನು ನನ್ನ ಅಪ್ಪ.

ಅಪ್ಪ ಬನಹಟ್ಟಿಯ ನೇಕಾರ. ನನಗೆ ಜಮಖಂಡಿಯ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕ ಮೇಲೆ ಮಗ್ಗ ಮಾರಿ, ಅವ್ವನನ್ನು ಕರೆದುಕೊಂಡು ನನ್ನ ಜೊತೆ ಇರಲು ಬಂದ. ಬರುವಾಗ ಜೋಪಾನವಾಗಿ ತಂದದ್ದು ತಾನೇ ನೇಯ್ದ ಬಿಳಿ ಬಟ್ಟೆ ಮತ್ತು ರಸ ಕುದಿಸುವ ಕಲಾಯಿ ಪಾತೇಲಿ. ಕರಿ ಒಣದ್ರಾಕ್ಷಿಯನ್ನು ತೊಳೆದು ನೆನೆಹಾಕಿ, ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕೈಯಿಂದ ಹಿಚುಕಿ ಆ ಬಟ್ಟೆಯಲ್ಲಿ ಸೋಸುತ್ತಿದ್ದ. ಸಕ್ಕರೆ ಇಲ್ಲ, ಲವಂಗ ಇಲ್ಲ, ಏನೂ ಇಲ್ಲ. ಕೊನೆಗೆ ಒಂದು ಚಮಚ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಒಮ್ಮೆ ತಲೆಯಾಡಿಸುವನು. ಅವನು ತಲೆಯಾಡಿಸುವ ತನಕ ಬಾಟಲಿಗೆ ತುಂಬುವ ಹಾಗಿರಲಿಲ್ಲ. 'ನನ್ನ ಸಾರಿಗೆ ಒಂದಿನಾನೂ ಹಿಂಗ ತಲಿ ಅಳ್ಳಾಡಿಸಲಿಲ್ಲ ನೋಡು ನಿಮ್ಮಪ್ಪ' ಎಂದು ಅವ್ವ ಒಲೆಯ ಮುಂದೆ ಗೊಣಗುತ್ತಿದ್ದಳು.

ದೃಢೀಕರಣಕ್ಕೆ, ಅಂದರೆ ಮುಂದೆ ವೇದಿಯ ರೊಟ್ಟಿ, ರಸ ತೆಗೆದುಕೊಳ್ಳಲು ಅರ್ಹರಾಗುವ ವಿಧಿಗೆ, ತಯಾರಾಗುವ ಮಕ್ಕಳಿಗೆ ಪಾಠ ಹೇಳುತ್ತಿದ್ದವನೂ ಅಪ್ಪನೇ. ನಾನೂ ಅವನ ಕೈಯಲ್ಲೇ ಕಲಿತವಳು. ರೊಟ್ಟಿ, ರಸವನ್ನು ಕರ್ತನ ದೇಹ, ರಕ್ತವೆಂದು ತೆಗೆದುಕೊಳ್ಳುವ ಕರ್ತನ ಭೋಜನದ ಪಾಠ ಬಂದರೆ ಅವನ ದನಿ ಏರುತ್ತಿತ್ತು. 'ಬರೇ ಮನಸಿನಾಗ ತೊಗೊಂಡ್ನಿ ಅಂದ್ರ ನಡಿಯಂಗಿಲ್ಲ. ಬಾಯಿಲೆ ಉಣಬೇಕು, ಬಾಯಿಲೆ ಕುಡೀಬೇಕು. ದೇವರು ನಮ್ಮ ಬಾಯಿಗೆ ಬರ್ತಾನ, ತಿಳೀತಿಲ್ಲೋ?' ತಿಳಿಯಿತು ಎನ್ನುತ್ತಿದ್ದೆವು. ತಿಳಿಯದಿದ್ದರೂ ಹಾಗೇ ಎನ್ನುತ್ತಿದ್ದೆವು, ಏಕೆಂದರೆ ಪಾಠ ಮುಗಿದ ಮೇಲೆ ಶೇಂಗಾ ಉಂಡಿ ಸಿಗುತ್ತಿತ್ತು.

ಹೋದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವುದೂ ಹೋಯಿತು. ಮೂಗಿನಲ್ಲಿ ನಳಿಕೆ ಹಾಕಿ ಮನೆಗೆ ಕಳಿಸಿದರು. ರಾಗಿ ಗಂಜಿಯನ್ನು ನೀರಾಗಿಸಿ ಸಿರಿಂಜಿನಿಂದ ನಳಿಕೆಗೆ ಬಿಡುವುದು ನನ್ನ ಪಾಲಿಗೆ ಬಂತು. ಬಾಯಿ ಒಣಗುತ್ತದೆಂದು ಅವ್ವ ಒಮ್ಮೆ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸಿದಳು. ಅಷ್ಟೇ ನೀರು ದಾರಿ ತಪ್ಪಿ ಎದೆಗಿಳಿದು ಕಫ ಕಟ್ಟಿತು. ಮತ್ತೆ ಆಸ್ಪತ್ರೆ ಸೇರಬೇಕಾಯಿತು.

ಚಳಿಗಾಲ ಬಂತು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದಲ್ಲಿ ಸಂಜೆ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ ನಡೆಸುವುದು ನಮ್ಮ ಸಭೆಯ ರೂಢಿ. ನಮ್ಮ ಮನೆಯ ಸರದಿ ಬಂದಾಗ ಎಲ್ಲರೂ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಅಪ್ಪನ ಮಂಚದ ಸುತ್ತ ಕುಳಿತರು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಹೋಗುತ್ತಿದ್ದವು. ಆ ಗದ್ದಲದ ಮೇಲೆ ದನಿ ಎತ್ತಿ, ಇವರ ಗಂಟಲು ತೆರೆಯಲಿ ಕರ್ತನೇ ಎಂದು ಬೇಡಿಕೊಂಡರು. ಆಮೇಲೆ ಅವನ ಕಣ್ಣೆದುರೇ ಚುರುಮುರಿ, ಮಿರ್ಚಿ ಭಜಿ ತಿಂದರು. ನನಗೆ ಮೈ ಉರಿದು ಹೋಯಿತು. ಕರಿದು ಕೊಟ್ಟವಳು ನಮ್ಮವ್ವನೇ, ಯಾರಿಗೆ ಏನೆನ್ನಲಿ?

ಕೈ ಒರೆಸಿಕೊಳ್ಳುತ್ತ ಸಭೆಯ ಹಿರಿಯರೊಬ್ಬರು ಅವ್ವನಿಗೆ ಹೇಳಿದರು. 'ಈ ಸಲ ರಸದ ಕಾಳಜಿ ಬಿಡ್ರಿ. ವಿಜಾಪುರದಾಗ ಬಾಟ್ಲಿ ಸಿಗ್ತಾವ, ತರಸೂಣು.'

ಅಪ್ಪ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದ. ಹಿರಿಯರು 'ಆತ್ ಬಿಡ್ರಿ, ತರಸಂಗಿಲ್ಲ' ಎನ್ನುವವರೆಗೂ ಬಡಿದ.

ಹಾಗಾಗಿ ಕ್ರಿಸ್‌ಮಸ್‌ಗೆ ಮೊದಲು ನಾನೂ ಅವ್ವನೂ ರಸಕ್ಕೆ ಕುಳಿತೆವು. ಕುದಿಸಿ, ಹಿಚುಕಿ, ಸೋಸಿ, ಪಾತೇಲಿಯನ್ನು ಮಂಚದ ಹತ್ತಿರ ಒಯ್ದೆವು. ರುಚಿ ನೋಡುವುದಂತೂ ಸಾಧ್ಯವಿರಲಿಲ್ಲ. ಅಪ್ಪ ನಳಿಕೆ ಇಲ್ಲದ ಹೊಳ್ಳೆಯಿಂದ ಮೂಸಿ ನೋಡಿದ. ಬೇಡ ಎಂದು ಎಡಗೈ ಆಡಿಸಿದ.

'ಮತ್ತೇನು ಕಮ್ಮಿ ಆಗೇತಿ ಅಪ್ಪಾ? ನಂಗ ಸಾಲಿಗೆ ಹೊತ್ತಾಗಾಕತ್ತೇತಿ' ಎಂದೆ.

'ತಳಾ ಹತ್ತೇತಿ. ಬೈಬ್ಯಾಡ ಅವರಿಗೆ' ಎಂದಳು ಅವ್ವ. ಅವಳೂ ಮೂಸಿ ನೋಡಿದ್ದಳು. ಖರೆ, ತಳ ಸ್ವಲ್ಪ ಹತ್ತಿತ್ತು. ಚೆಲ್ಲಿ ಮತ್ತೆ ಮೊದಲಿನಿಂದ ಮಾಡಿದೆವು. ಎರಡನೆಯ ಸಲ ಅಪ್ಪ ಪಾತೇಲಿಯ ಮೇಲೆ ಬಹಳ ಹೊತ್ತು ಮೂಗಿಟ್ಟುಕೊಂಡಿದ್ದ. ಕಣ್ಣು ಮುಚ್ಚಿ ಒಮ್ಮೆ ತಲೆಯಾಡಿಸಿದ. ಆಮೇಲೆ ಪಾತೇಲಿಯನ್ನು ತೋರಿಸಿ, ತನ್ನ ಬಾಯಿಯನ್ನು ತೋರಿಸಿ, ನನ್ನ ಮುಖ ನೋಡಿದ.

ಡಾಕ್ಟರರನ್ನು ಕೇಳಿದೆ. 'ಒಂದು ಹನಿನೂ ಬ್ಯಾಡ್ರಿ ಟೀಚರ್. ಚಳಿಗಾಲ ಬ್ಯಾರೆ. ಈ ಸಲ ಕಫ ಕಟ್ಟಿದ್ರ ನಮ್ಮ ಕೈಯಾಗ ಇರಂಗಿಲ್ಲ' ಎಂದರು. ಅಯ್ಯನವರನ್ನು ಕೇಳಿದೆ. ಆ ವರ್ಷವಷ್ಟೇ ಬಂದ ಸಣ್ಣ ವಯಸ್ಸಿನವರು, ಒಳ್ಳೆಯವರು. ರಸವನ್ನು ನಳಿಕೆಯಲ್ಲಿ ಬಿಡಬಹುದೇ ಎಂದು ಅವರೇ ಯೋಚಿಸಿ, ಮನೆಗೆ ಬಂದು ಅಪ್ಪನನ್ನು ಕೇಳಿದರು. ಅಪ್ಪ ಮುಖ ಗೋಡೆಗೆ ತಿರುಗಿಸಿದ. ಅಯ್ಯನವರು ಅವನ ಪಕ್ಕ ಕುಳಿತು, 'ಮನಸಿನಾಗ ತೊಗೊಂಡ್ರ ಸಾಕ್ರಿ ಅಪ್ಪಾರ, ದೇವರು ತಿಳ್ಕೋತಾನ' ಎಂದರು. ಅದೇ ಮಾತು ನಡೆಯುವುದಿಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ ಮುದುಕನಾದವನ ಮುಂದೆ ಅವರು ಅದನ್ನೇ ಹೇಳಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ.

ಕ್ರಿಸ್‌ಮಸ್ ದಿನ ಅಯ್ಯನವರು ನಸುಕಿಗೇ ಬೀಳಗಿಯ ಆರಾಧನೆ ಮುಗಿಸಿ, ಮುಧೋಳ ಮುಗಿಸಿ, ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿ, ತಡವಾಗಿ ಜಮಖಂಡಿಗೆ ಬಂದರು. ಬೈಕಿನ ಧೂಳು ಒರೆಸಿಕೊಂಡೇ ಬಿಳಿ ಅಂಗಿ ಹಾಕಿದರು. ಆಚೆ ಬನಹಟ್ಟಿಯವರು ದಾರಿ ಕಾಯುತ್ತಿದ್ದರು. ನಾವು ಅಪ್ಪನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದೆವು. ಬರುವುದು ಬೇಡ ಎಂದು ಹೇಳಲು ನನ್ನಿಂದ ಆಗಲಿಲ್ಲ.

ವೇದಿಯ ಮುಂದಿನ ಕಟಕಟೆಗೆ ಸಾಲಾಗಿ ಮೊಣಕಾಲೂರಿದೆವು. ಅವ್ವ, ನಡುವೆ ಕುರ್ಚಿಯಲ್ಲಿ ಅಪ್ಪ, ಆಮೇಲೆ ನಾನು. ಮೊದಲು ರೊಟ್ಟಿ ಬಂತು. ಅವ್ವನಿಗೆ ಕೊಟ್ಟ ಅಯ್ಯನವರು ಅಪ್ಪನ ಮುಂದೆ ಒಂದು ಕ್ಷಣ ನಿಂತು, ಬಲಗೈಯನ್ನು ಅವನ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿದರು. ಪ್ರೀತಿಯಿಂದಲೇ ಮಾಡಿದರು. ಆದರೆ ನಮ್ಮಲ್ಲಿ ಹಾಗೆ ತಲೆಯ ಮೇಲೆ ಕೈಯಿಡುವುದು ಇನ್ನೂ ದೃಢೀಕರಣವಾಗದ ಮಕ್ಕಳಿಗೆ. ತಂದೆತಾಯಿಯ ಜೊತೆ ಕಟಕಟೆಗೆ ಬಂದು ಬರಿಗೈಯಲ್ಲಿ ಹಿಂದಿರುಗುವ ಮಕ್ಕಳಿಗೆ. ಅಪ್ಪನ ಕಿವಿ ಕೆಂಪಾಗಿದ್ದು ನನಗೆ ಕಂಡಿತು.

ಆಮೇಲೆ ಬಟ್ಟಲು ಬಂತು. ಅವ್ವ ಕುಡಿದಳು. ಅಯ್ಯನವರು ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಮತ್ತೆ ಬಲಗೈಯನ್ನು ಅಪ್ಪನ ತಲೆಗೆ ಚಾಚಿದರು. ಅಪ್ಪ ಆ ಮುಂಗೈಯನ್ನು ಹಿಡಿದುಕೊಂಡ.

ಹಿಡಿದವನು ಬಿಡಲಿಲ್ಲ. ಜೀವಮಾನವಿಡೀ ಮಗ್ಗ ಎಳೆದ ಕೈ. ಬಟ್ಟಲು ಅವನ ಮುಖದ ಹತ್ತಿರವೇ ಇತ್ತು, ಅವನೇ ಮೂಸಿ ಒಪ್ಪಿದ ರಸ. ಅಯ್ಯನವರು ಮೆಲ್ಲಗೆ 'ಅಪ್ಪಾರ, ಬಿಡ್ರಿ' ಎಂದರು. ಬಟ್ಟಲು ನಡುಗಿತು. ಹಾಡುತ್ತಿದ್ದವರು ಚರಣಗಳನ್ನೆಲ್ಲ ಮುಗಿಸಿ, ಮತ್ತೆ ಮೊದಲನೆಯದಕ್ಕೆ ಬಂದರು. ನಮ್ಮ ಬೆನ್ನ ಹಿಂದೆ ಮುಂದಿನ ಸರದಿಯವರು ಕಾಯುತ್ತ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು.

ನಾನು ಎದ್ದು ಅಪ್ಪನ ಬೆರಳುಗಳನ್ನು ಬಿಡಿಸಿದೆ. ಒಂದೊಂದಾಗಿ ಬಿಡಿಸಬೇಕಾಯಿತು. ಒಂದು ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು. 'ಅಪ್ಪಾ, ಬಿಡೋ. ನನ್ನ ಕೈಯಾಗ ಏನೈತಿ, ನಾ ಏನ್ ಮಾಡ್ಲಿ?' ಎಂದು ಅವನ ಕಿವಿಯಲ್ಲಿ ಹೇಳಿದೆ. ನನ್ನ ಅಪ್ಪ ಕೇಳುತ್ತಿದ್ದದ್ದು ಒಂದು ಗುಟುಕು, ಅದು ಸಿಗದಂತೆ ಅವನ ಕೈ ಹಿಡಿದವಳು ನಾನು. ಕೊನೆಗೆ ಬೆರಳುಗಳು ನನ್ನ ಎರಡೂ ಅಂಗೈಯೊಳಗೆ ಬಂದವು. ಗಾಬರಿಯಾಗಿದ್ದ ಅಯ್ಯನವರು ಬಟ್ಟಲನ್ನು ನನಗೆ ಕೊಡದೆ, ನನ್ನನ್ನು ದಾಟಿ ಆಚೆಯವರ ಹತ್ತಿರ ಹೋದರು. ನನ್ನ ಎರಡೂ ಕೈ ತುಂಬಿದ್ದವು, ನಾನೂ ಕರೆಯಲಿಲ್ಲ.

ಆರಾಧನೆ ಮುಗಿದ ಮೇಲೆ ಅಂಗಳದ ಬಿಸಿಲಿನಲ್ಲಿ ಎಲ್ಲರೂ ಕೈ ಕುಲುಕಿ ಶುಭಾಶಯ ಹೇಳಿಕೊಂಡರು. 'ರಸ ಭಾಳ ಛಲೋ ಆಗಿತ್ತ್ರಿ' ಎಂದು, ಬಾಟ್ಲಿ ತರಿಸೋಣ ಎಂದಿದ್ದ ಹಿರಿಯರೇ ಅವ್ವನಿಗೆ ಹೇಳಿದರು. ಯಾರೋ ನನ್ನ ಕೈಗೆ ಚಹಾ ಕೊಟ್ಟರು, ಕುಡಿದೆ. ಅಯ್ಯನವರು ಅಪ್ಪನ ಮುಂದೆ ಬಗ್ಗಿ ಅವನ ಅಂಗಿಯ ಕಾಲರ್ ಸರಿಮಾಡಿ, ಬೈಕು ಹತ್ತಿ ಬನಹಟ್ಟಿಗೆ ಹೋದರು.

ಮನೆಗೆ ಬಂದು ಅಪ್ಪನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿದೆವು. ಅವನ ಗಂಜಿಯ ಹೊತ್ತಾಗಿತ್ತು. ನಾನು ಸಿರಿಂಜ್ ತುಂಬಿಕೊಂಡು ಬರುವಷ್ಟರಲ್ಲಿ ಅವನು ಎಡಗೈಯಿಂದ ಅವ್ವನನ್ನು ಹತ್ತಿರ ಕರೆಯುತ್ತಿದ್ದ. 'ಏನ್ರಿ?' ಎಂದು ಅವಳು ಕಿವಿ ಕೊಟ್ಟಳು. ಅವನು ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಅವಳ ಬಾಯಿಯ ಹತ್ತಿರ ಮೂಗು ತಂದು ಉಸಿರು ಎಳೆದುಕೊಂಡ. ಅವನು ಹುಡುಕುತ್ತಿದ್ದದ್ದು ರಸದ ವಾಸನೆ ಎಂದು ಅವ್ವನಿಗೆ ತಿಳಿಯಿತು. ಬಾಯಿ ಸ್ವಲ್ಪ ತೆರೆದು, ಸೊಂಟ ನೋವಿನವಳು, ಹಾಗೇ ಬಗ್ಗಿ ನಿಂತಳು. ಅಪ್ಪ ಕಣ್ಣು ಮುಚ್ಚಿ ಒಮ್ಮೆ ತಲೆಯಾಡಿಸಿದ.

ಆಮೇಲೆ ನನ್ನನ್ನು ಕರೆದ.

ಸಿರಿಂಜ್ ಹಿಡಿದುಕೊಂಡೇ ಹೋಗಿ ಬಗ್ಗಿದೆ. ನನ್ನ ಬಾಯಲ್ಲಿ ಚಹಾದ ವಾಸನೆ ಮಾತ್ರ ಇತ್ತು. ಅವನು ಮೂಸಿದ. ಇನ್ನೊಮ್ಮೆ ಮೂಸಿದ. ಕಣ್ಣು ತೆರೆದು, ನೀನ್ಯಾಕೆ ತೊಗೊಳ್ಳಲಿಲ್ಲ ಎನ್ನುವಂತೆ ನನ್ನ ಮುಖವನ್ನೇ ನೋಡಿದ. ನಾನು ನಳಿಕೆಯ ಮುಚ್ಚಳ ತೆಗೆದು ಗಂಜಿ ಬಿಡತೊಡಗಿದೆ.